ಗಾಂಧಿ ಬಜಾರಿನಲ್ಲಿ ಹದಿನಾಲ್ಕು ಹೆಂಗಸರು

ಏಪ್ರಿಲ್ ೪, ೧೯೮೨, ಭಾನುವಾರ

ಹೊಸ ವರ್ಷಕ್ಕೆ ಆಫೀಸಿನಲ್ಲಿ ಕೊಟ್ಟ ಡೈರಿ ಇದು. ಮೂರು ತಿಂಗಳು ಅಕ್ಕಿ ಡಬ್ಬದ ಸಡಿಲ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು. ಇವತ್ತು ತೆಗೆದೆ. ಒಪ್ಪಿಕೊಳ್ಳಬಾರದ ಕೆಲಸವೊಂದನ್ನು ಒಪ್ಪಿಕೊಂಡು ಬಂದಿದ್ದೇನೆ, ಹೇಳಿಕೊಳ್ಳಲು ಯಾರೂ ಇಲ್ಲ.

ಶೈಲಜಮ್ಮ ಟೀಚರ್ ಹೇಳಿ ಕಳಿಸಿದ್ದರು. ನಿನ್ನೆ ನಾನು ಆಫೀಸಿನಿಂದ ಬರುವಾಗ ಗಾಂಧಿ ಬಜಾರಿನಲ್ಲಿ ಹೂವು ಮಾರುವ ಬಸವಮ್ಮ ನನ್ನನ್ನು ನಿಲ್ಲಿಸಿ, 'ಟೀಚರ್‌ಗೆ ಕಣ್ಣು ಪೂರ್ತಿ ಮಂಜಾಗಿದೆ, ಒಂದ್ಸಲ ಬಂದ್ಹೋಗು ಅಂದ್ರು' ಎಂದಳು. ಉಮಾ ಟಾಕೀಸಿನ ಹತ್ತಿರ ಬಸ್ಸಿಳಿದು ಚಾಮರಾಜಪೇಟೆಯ ಅವರ ಮನೆಗೆ ನಡೆದೆ. ಟೀಚರ್ ದನಿಯಿಂದಲೇ ನನ್ನನ್ನು ಗುರುತಿಸಿದರು. ಎರಡು ಕಣ್ಣಿಗೂ ಪೊರೆ.

ಮಂಚದ ಕೆಳಗಿಂದ ತಗಡಿನ ಟ್ರಂಕು ಎಳೆಸಿದರು. ಅದರ ತುಂಬ ನೋಟ್‌ಬುಕ್ಕುಗಳು, ದಾರ ಕಟ್ಟಿದ ಕಾಗದದ ಕಟ್ಟುಗಳು. ಅವರ ಮಹಿಳಾ ಶಾಂತಿ ಸಮಿತಿಯ ಮೂವತ್ತೆರಡು ವರ್ಷ ಅದರಲ್ಲಿದೆಯಂತೆ. ಪ್ರತಿ ವರ್ಷ ಆಗಸ್ಟ್ ಆರಕ್ಕೆ, ಹಿರೋಷಿಮಾದ ಮೇಲೆ ಬಾಂಬು ಬಿದ್ದ ದಿನ, ಅವರು ಸಭೆ ಸೇರುತ್ತಾರೆ. ಈ ಸಲ ಸಮಿತಿಯ ಹೆಂಗಸರ ಚರಿತ್ರೆಯನ್ನು ಸಣ್ಣ ಪುಸ್ತಕ ಮಾಡಿ ಹಂಚಬೇಕು. ನಾನು ಭಾನುವಾರಗಳಂದು ಬಂದು ಓದಿ ಹೇಳಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು.

'ಕಣ್ಣು ಮುಚ್ಚೋದರೊಳಗೆ ಆಗ್ಬೇಕು ಅಂತ ಎಲ್ಲರೂ ಹೇಳ್ತಾರೆ. ನಂದು ಆಗಲೇ ಮುಚ್ಚಿದೆ, ಅದಕ್ಕೆ ಅವಸರ' ಎಂದು ನಕ್ಕರು.

ಇಲ್ಲ ಅನ್ನಲು ಆಗಲಿಲ್ಲ. ಹದಿನಾರಕ್ಕೆ ನನ್ನ ಮದುವೆ ಮಾಡಿದಾಗ ಈ ಹೆಂಗಸು ಮನೆಗೆ ಬಂದು ನಮ್ಮಪ್ಪನ ಮುಂದೆ ಎರಡು ಗಂಟೆ ಕೂತು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿದ್ದರು. ಆ ಸರ್ಟಿಫಿಕೇಟು ಇಲ್ಲದಿದ್ದರೆ, ನಮ್ಮನೆಯವರು ಎಪ್ಪತ್ತೊಂದರ ಯುದ್ಧದಲ್ಲಿ ಹೋದ ಮೇಲೆ ನನಗೆ ಈ ಟೆಲಿಫೋನ್ ಬೋರ್ಡಿನ ಕೆಲಸವೂ ಸಿಗುತ್ತಿರಲಿಲ್ಲ.

ವಾರಕ್ಕೆ ಆರು ದಿನ ಕಿವಿಗೆ ಹೆಡ್‌ಫೋನು. ಏಳನೇ ದಿನ ಬಟ್ಟೆ ಒಗೆದು ಒಂದು ಗಂಟೆ ಮಲಗುತ್ತಿದ್ದೆ. ಅದೂ ಹೋಯಿತು. ಟೀಚರ್‌ಗೆ ಹಳೇ ಕಾಗದ ಓದಬೇಕಂತೆ ಎಂದಷ್ಟೇ ಅತ್ತೆಗೆ ಹೇಳಿದೆ. ಎಂಥ ಕಾಗದ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಏಪ್ರಿಲ್ ೧೧, ಭಾನುವಾರ

ಮೊದಲ ನೋಟ್‌ಬುಕ್ಕು ೧೯೫೦ರದು. ಅಣುಬಾಂಬನ್ನು ನಿಷೇಧಿಸಿ ಎಂದು ಲೋಕದಲ್ಲೆಲ್ಲ ರುಜು ಕೂಡಿಸುತ್ತಿದ್ದ ವರ್ಷ. ಬೆಂಗಳೂರಿನಲ್ಲಿ ಆರು ಜನ ಹೆಂಗಸರು ಮನೆಮನೆಗೆ ಹೋಗಿದ್ದಾರೆ. ಮುಂದಾಳು ಗುರುಬಸಮ್ಮ ಎಂಬಾಕೆ, ಚಿಕ್ಕಪೇಟೆಯ ನೇಕಾರರ ಮನೆಯ ಬಾಲವಿಧವೆ. ಅಣುಬಾಂಬು ಎಂದರೇನು ಎಂದು ಕೇಳಿದವರಿಗೆ ಆಕೆ ಹೇಳುತ್ತಿದ್ದದ್ದನ್ನು ಬರೆದಿಟ್ಟಿದ್ದಾರೆ: 'ಒಂದು ಬೆಂಕಿಕಡ್ಡಿ. ಗೀಚಿದರೆ ಚಿಕ್ಕಪೇಟೆಯಿಂದ ಬಸವನಗುಡಿವರೆಗೆ ಒಂದು ಮನೆಯೂ ಇರಲ್ಲ.'

ಒಂದು ದಿನದ ಬರಹ ಹೀಗಿದೆ: 'ಇವತ್ತು ೧೯ ರುಜು, ೩೧ ಹೆಬ್ಬೆಟ್ಟು. ಶಂಕರಪುರದಲ್ಲಿ ನಾಯಿ ಕಚ್ಚಿತು.' ಮುಂದಿನ ಪುಟದ ತುಂಬ ನೇರಳೆ ಶಾಯಿಯ ಹೆಬ್ಬೆಟ್ಟುಗಳು. ಮೂವತ್ತೆರಡು ವರ್ಷವಾದರೂ ಗೆರೆಗಳು ಹಾಗೇ ಇವೆ.

ಓದುತ್ತ ಮೂರು ಸಲ ಆಕಳಿಸಿದೆ. ಟೀಚರ್‌ಗೆ ಕೇಳಿಸಿತು. 'ಆಕಳಿಸು. ನಾವೂ ಸಭೇಲಿ ಆಕಳಿಸ್ತಾನೇ ಇದ್ವಿ' ಎಂದರು. ಬರುವಾಗ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮೋತ್ಸವದ ಸಂಗೀತ ಶುರುವಾಗಿತ್ತು. ಹೊರಗೆ ಐದು ನಿಮಿಷ ನಿಂತೆ. ಕೂತರೆ ಅಲ್ಲೇ ನಿದ್ದೆ ಹೋಗುತ್ತೇನೆ ಅನ್ನಿಸಿ ಬಂದುಬಿಟ್ಟೆ.

ಏಪ್ರಿಲ್ ೨೦, ಮಂಗಳವಾರ

ಎಡ ಕಿವಿ ನೋವು. ಇಂಗ್ಲೆಂಡಿನ ಹಡಗುಗಳು ಯಾವುದೋ ದ್ವೀಪಕ್ಕೆ ಹೊರಟಿವೆಯಂತೆ, ಆಫೀಸಿನ ಗಂಡಸರು ಯಾರು ಗೆಲ್ಲುತ್ತಾರೆ ಎಂದು ಪಂದ್ಯ ಕಟ್ಟಿದ್ದಾರೆ. ಅತ್ತೆಗೆ ಮಂಡಿನೋವು. ಎಣ್ಣೆ ಕಾಯಿಸಿ ಹಚ್ಚಿದೆ. ಬೇರೇನೂ ಇಲ್ಲ.

ಮೇ ೨, ಭಾನುವಾರ

ಇವತ್ತು ೧೯೬೨ರ ಪುಸ್ತಕ. ಚೀನಾ ಯುದ್ಧದ ವರ್ಷ.

ಊರೆಲ್ಲ ರಕ್ಷಣಾ ನಿಧಿಗೆ ಚಿನ್ನ ಕೊಡುತ್ತಿತ್ತು. ಗುರುಬಸಮ್ಮನ ಬಳಿ ಇದ್ದದ್ದು ತಾಯಿಯ ಕಡೆಯ ಒಂದೆಳೆ ಸರ. ಅದನ್ನು ಕೊಟ್ಟರು. ಗಡಿಯಲ್ಲಿ ಹುಡುಗರು ಚಳಿಗೆ ಸಾಯುತ್ತಿದ್ದಾರೆಂದು ಹನ್ನೊಂದು ಸ್ವೆಟರು ಹೆಣೆದರು. ಮುಂದಿನ ಭಾನುವಾರ ಸಮಿತಿಗೆ ಬಂದು, ಕದನ ನಿಲ್ಲಿಸಿ ಎಂದು ಎರಡು ಸರ್ಕಾರಗಳಿಗೂ ಕಾಗದ ಬರೆಯೋಣ ಎಂದರು. ಚಿನ್ನ ಕೊಟ್ಟವಳಿಗೆ ಇಲ್ಲೇನು ಕೆಲಸ ಎಂದು ಸಮಿತಿಯವರೇ ಕೇಳಿದರು. ಶತ್ರುವಿಗೆ ಕಾಗದ ಬರೆಯುತ್ತೀಯಾ ಎಂದು ಚಿನ್ನ ತೆಗೆದುಕೊಂಡವರು ಕೇಳಿದರು. ಯಾರೋ ಬಾಗಿಲಿಗೆ ಕೊಳಚೆ ಎರಚಿ ಹೋದರು.

ಆಕೆಯದೇ ಅಕ್ಷರ, ಪೆನ್ಸಿಲಿನದು: 'ಚಿನ್ನ ಕೊಟ್ಟದ್ದು ಹುಡುಗರಿಗೆ ಚಳಿಯಾಗದಿರಲಿ ಅಂತ. ಕಾಗದ ಬರೆದದ್ದು ಅವರು ಮನೆಗೆ ಬರಲಿ ಅಂತ. ಎರಡರಲ್ಲಿ ಒಂದನ್ನು ಬಿಡು ಅಂತ ಎರಡು ಕಡೆಯವರೂ ಹೇಳಿದರು. ಇಬ್ಬರಿಗೂ ಬೇಡವಾಗಿ ಮನೆಗೆ ಬಂದೆ.'

ಅದಾದ ಮೇಲೆ ಎರಡು ವರ್ಷ ಪುಟಗಳು ಖಾಲಿ. ಏನಾಯಿತು ಎಂದು ಕೇಳಿದೆ. ಟೀಚರ್ ಹೇಳಿದರು: 'ಅವತ್ತು ನಾನೂ ಅವಳ ಪಕ್ಕ ನಿಲ್ಲಲಿಲ್ಲ ಗಂಗಾ. ಸ್ಕೂಲಿನ ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಅದನ್ನೂ ಬರಿ.'

ಬರೆದೆ. ಬರೆಯುವಾಗ ಅವರ ಮುಖ ನೋಡಲಿಲ್ಲ, ಅವರಿಗೆ ಹೇಗೂ ಕಾಣುವುದಿಲ್ಲವಾದರೂ.

ಮೇ ೧೬, ಭಾನುವಾರ

ವಿಶ್ವಸಂಸ್ಥೆಯಲ್ಲಿ ಮುಂದಿನ ತಿಂಗಳು ಅಣ್ವಸ್ತ್ರಗಳ ಬಗ್ಗೆ ದೊಡ್ಡ ಸಭೆ ಇದೆಯಂತೆ. ಅಲ್ಲಿಗೆ ಕಳಿಸಲು ಮತ್ತೆ ರುಜು ಸಂಗ್ರಹ. ಟೀಚರ್‌ಗೆ ನಡೆಯಲು ಆಗದೆಂದು ಅವರ ಬದಲು ನಾನು ಬಸವಮ್ಮನ ಜೊತೆ ಎನ್.ಆರ್. ಕಾಲೋನಿಗೆ ಹೋದೆ. ಒಂದೇ ದಿನಕ್ಕೆ ಎಂದು ಹೇಳಿಯೇ ಹೋದೆ.

ಒಂದು ಮನೆಯಲ್ಲಿ ಯಜಮಾನರನ್ನು ಕೇಳಬೇಕು ಎಂದರು. ಇನ್ನೊಂದರಲ್ಲಿ ಊರೆಲ್ಲ ಕನ್ನಡಕ್ಕಾಗಿ ಬೀದಿಗಿಳಿದಿರುವಾಗ ಇದ್ಯಾವುದು ಎಂದರು. ಮೂರನೆಯ ಮನೆಯ ಮುದುಕಿ ಏನೂ ಕೇಳದೆ ರುಜು ಹಾಕಿ, 'ನೀರು ಕುಡೀರಿ, ಬಿಸಿಲಲ್ಲಿ ಬಂದಿದೀರ' ಎಂದು ತಂಬಿಗೆ ತಂದಿಟ್ಟಳು. ಹತ್ತೊಂಬತ್ತು ರುಜು ಸಿಕ್ಕಿದವು.

ನಿನಗೇಕೆ ಇದೆಲ್ಲ ಎಂದು ಬಸವಮ್ಮನನ್ನು ಕೇಳಿದೆ. 'ಹೂವು ಮದುವೆಗೂ ಹೋಗುತ್ತೆ, ಹೆಣಕ್ಕೂ ಹೋಗುತ್ತೆ ಕಣಕ್ಕ. ಮದುವೆಗೆ ಹೋದ್ರೆ ನಂಗೆ ಖುಷಿ' ಎಂದಳು. ಹನುಮಂತನಗರದ ಕಡೆ ತಿರುಗಿದಾಗ, ನಿಮ್ಮ ವಠಾರದಲ್ಲೂ ಕೇಳೋಣ ಎಂದಳು. ಕಾಲು ನೋಯುತ್ತಿದೆ ಎಂದು ತಪ್ಪಿಸಿಕೊಂಡೆ. ಕಾಲು ನೋಯುತ್ತಿದ್ದದ್ದು ನಿಜ.

ಮೇ ೩೦, ಭಾನುವಾರ

ಇನ್ನು ಹೋಗುವುದಿಲ್ಲ.

ಟೀಚರ್ ಇವತ್ತು ಈ ವರ್ಷದ ಕಾರ್ಯಕ್ರಮ ಹೇಳಿದರು. ಆಗಸ್ಟ್ ಆರರಂದು ಮುಚ್ಚಿದ ಕೋಣೆಯಲ್ಲಿ ಸಭೆ ಬೇಡ, ಗಾಂಧಿ ಬಜಾರಿನ ಸರ್ಕಲ್ಲಿನಲ್ಲಿ ಸಂಜೆ ಒಂದು ಗಂಟೆ ಮೌನವಾಗಿ ನಿಲ್ಲುವುದು. ಕೊನೆಗೆ ಒಬ್ಬರು ಅರ್ಧ ಪುಟ ಓದುವುದು. ಓದಬೇಕಾದವಳು ನಾನು. 'ಸಿಪಾಯಿ ಹೆಂಡತಿ ಓದಿದ್ರೆ ಜನ ಬಾಯಿ ಮುಚ್ಕೊಂಡು ಕೇಳ್ತಾರೆ' ಎಂದರು.

ಲೇಖನಿ ಕೆಳಗಿಟ್ಟೆ. 'ನನ್ನ ಅಕ್ಷರಕ್ಕೆ ಕರೆಸಿದ್ದಾ ಟೀಚರ್, ಈ ಬೋಳು ಹಣೆಗೆ ಕರೆಸಿದ್ದಾ?'

'ಎರಡಕ್ಕೂ' ಎಂದರು. 'ನಿನ್ನ ಹತ್ರ ಸುಳ್ಳು ಹೇಳಲ್ಲ.'

ಹತ್ತು ವರ್ಷದಿಂದ ಡಿಸೆಂಬರ್ ಹದಿನಾರಕ್ಕೆ ಮಾಜಿ ಯೋಧರ ಸಂಘದವರು ನನ್ನನ್ನು ವೇದಿಕೆಯ ಮೇಲೆ ಕೂರಿಸುತ್ತಾರೆ. ತಿಳಿ ಬಣ್ಣದ ಸೀರೆ ಉಟ್ಟು ಬನ್ನಿ ಎಂದು ಹೇಳಿ ಕಳಿಸುತ್ತಾರೆ. ಶಾಲು, ತೆಂಗಿನಕಾಯಿ. ಒಂದು ವರ್ಷ ಭಾಷಣ ಮಾಡಿದವರು ನಮ್ಮನೆಯವರ ಹೆಸರನ್ನೇ ತಪ್ಪು ಹೇಳಿದರು, ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಒಂದು ಕಡೆ ಶಾಲು ಹೊದಿಸಿ ಕೂರಿಸುತ್ತಾರೆ, ಇನ್ನೊಂದು ಕಡೆ ಕಾಗದ ಕೊಟ್ಟು ನಿಲ್ಲಿಸುತ್ತಾರೆ. ನಡುವೆ ನಾನು ಬಟ್ಟೆ ಒಗೆಯಬೇಕು.

ಇದನ್ನೆಲ್ಲ ಟೀಚರ್‌ಗೆ ಹೇಳಲಿಲ್ಲ. ಸರ್ಕಲ್ಲಿನಲ್ಲಿ ನಾನು ಓದುವುದಿಲ್ಲ ಎಂದಷ್ಟೇ ಹೇಳಿ, ಪುಸ್ತಕಗಳನ್ನು ಜೋಡಿಸಿಟ್ಟು ಬಂದೆ. ನಕಲು ಮಾಡಿಕೊಳ್ಳಲು ತಂದಿದ್ದ ೧೯೬೨ರದು ಮಾತ್ರ ನನ್ನ ಚೀಲದಲ್ಲೇ ಉಳಿದಿದೆ, ಮನೆಗೆ ಬಂದ ಮೇಲೆ ನೋಡಿದೆ. ಬಸವಮ್ಮನ ಕೈಲಿ ಕಳಿಸಬೇಕು.

ಜೂನ್ ೮, ಮಂಗಳವಾರ

ಈ ಭಾನುವಾರ ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಮಲಗಿದೆ. ಎದ್ದಾಗ ಮೊದಲಿಗಿಂತ ಹೆಚ್ಚು ಸುಸ್ತು. ಲೆಬನಾನಿನಲ್ಲಿ ಯುದ್ಧವಂತೆ. ಪುಸ್ತಕ ಇನ್ನೂ ಕಳಿಸಿಲ್ಲ.

ಜೂನ್ ೧೪, ಸೋಮವಾರ

ನ್ಯೂಯಾರ್ಕಿನಲ್ಲಿ ಲಕ್ಷಗಟ್ಟಲೆ ಜನ ಬಾಂಬು ಬೇಡ ಎಂದು ಮೆರವಣಿಗೆ ಹೋದರು ಎಂದು ರೇಡಿಯೋದಲ್ಲಿ ಬಂತು. ನಮ್ಮ ಹತ್ತೊಂಬತ್ತು ರುಜು ಆ ಊರಿಗೆ ತಲುಪಿದವೋ ಇಲ್ಲವೋ.

ಸುದ್ದಿ ಮುಗಿಯುವಷ್ಟರಲ್ಲಿ ಏಕಾಂತಯ್ಯನವರು ಬಂದರು. ಮಾಜಿ ಯೋಧರ ಸಂಘದ ಕಾರ್ಯದರ್ಶಿ, ನಿವೃತ್ತ ಸುಬೇದಾರರು. ಅರವತ್ತೈದರ ಯುದ್ಧದಲ್ಲಿ ಗುಂಡು ತಗುಲಿ ಒಂದು ಕಾಲು ಎಳೆದು ನಡೆಯುತ್ತಾರೆ. ನನ್ನ ಕೆಲಸಕ್ಕಾಗಿ ಆ ಕಾಲಿನಲ್ಲೇ ಹತ್ತು ಸಲ ಕಚೇರಿಗೆ ಅಲೆದವರು. ಅವರ ಬಗ್ಗೆ ಕೆಟ್ಟ ಮಾತು ಬರೆಯಲಾರೆ. ಎನ್.ಆರ್. ಕಾಲೋನಿಯಲ್ಲಿ ನಾನು ರುಜು ಕೇಳುತ್ತಿದ್ದದ್ದನ್ನು ಯಾರೋ ಅವರಿಗೆ ಹೇಳಿದ್ದಾರೆ. ಆಗಸ್ಟ್ ಆರರ ವಿಷಯವೂ ತಿಳಿದಿದೆ.

ಕೂಗಾಡಲಿಲ್ಲ. ಕಾಫಿ ಕುಡಿದು, ಅತ್ತೆಯ ಕಡೆ ತಿರುಗಿ ಹೇಳಿದರು: 'ಮಾರಕ್ಕನೋರೆ, ನಿಮ್ಮ ಸೊಸೆ ಶಾಂತಿ ಸಂಘಕ್ಕೆ ಹೋಗ್ತಾರಂತೆ, ಯುದ್ಧ ಬೇಡ ಅಂತ ಬೀದೀಲಿ ನಿಂತು ಓದ್ತಾರಂತೆ. ಹೋಗ್ಲಿ. ಆದ್ರೆ ನಿಮ್ಮ ಮಗ ನರಸಿಂಹಯ್ಯನ ಹೆಸರು ಅಲ್ಲಿ ಬರಬಾರದು.' ನಾನು ಓದುವುದಿಲ್ಲವೆಂದು ಹೇಳಿ ಬಂದಿದ್ದೇನೆ ಎನ್ನಬಹುದಿತ್ತು. ಯಾಕೋ ಹೇಳಲಿಲ್ಲ.

ಅವರು ಹೋದ ಮೇಲೆ ಅತ್ತೆ ಗೋಡೆಗೊರಗಿ ಕೂತರು. ಆಮೇಲೆ ಕೇಳಿದರು: 'ಯುದ್ಧ ತಪ್ಪು ಅಂತ ಬೀದೀಲಿ ನಿಂತು ಓದ್ತೀಯಂತೆ. ಅದು ತಪ್ಪಾದ್ರೆ ನನ್ ಮಗ ಯಾತಕ್ಕೆ ಸತ್ತ? ಹೇಳು. ಓದಿದೋಳು ನೀನು.'

ನಲ್ಲಿಯಲ್ಲಿ ನೀರು ಬಂದಿತ್ತು, ಬಿಂದಿಗೆ ತೆಗೆದುಕೊಂಡು ಹೊರಗೆ ಹೋದೆ.

ಜೂನ್ ೧೯, ಶನಿವಾರ

ಅತ್ತೆ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದಾರೆ. ಅದೇ ಸ್ಟವ್ವು, ಅದೇ ಪಾತ್ರೆ, ನಾನು ಆಫೀಸಿಗೆ ಹೋದ ಮೇಲೆ. ಎರಡು ಕೋಣೆಯ ಮನೆಯಲ್ಲಿ ಮಾತಾಡದೆ ಇರುವುದೂ ಒಂದು ಕೆಲಸವೇ. ದಿನವೆಲ್ಲ ಬೋರ್ಡಿನಲ್ಲಿ ಕೂತು ಬೇರೆಯವರ ಮಾತು ಜೋಡಿಸಿ ಬರುತ್ತೇನೆ.

೧೯೬೨ರ ಪುಸ್ತಕದ ಆ ಪುಟ ಮತ್ತೆ ಓದಿದೆ. ಗುರುಬಸಮ್ಮನಿಗೆ ಒಬ್ಬ ಮಗನೂ ಇರಲಿಲ್ಲ, ಗಂಡನ ಮುಖವೂ ನೆನಪಿರಲಿಲ್ಲ. ಹನ್ನೊಂದು ಸ್ವೆಟರು ಯಾರಿಗೆ ಅಂತ ಹೆಣೆದಳೋ.

ಜುಲೈ ೪, ಭಾನುವಾರ

ಟೀಚರ್‌ಗೆ ಒಂದು ಕಣ್ಣಿನ ಆಪರೇಷನ್ ಆಗಿದೆ ಎಂದು ಬಸವಮ್ಮ ಹೇಳಿದಳು. ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಆಸ್ಪತ್ರೆಗೆ ಹೋದೆ.

ಕಣ್ಣಿಗೆ ಬಟ್ಟೆ ಕಟ್ಟಿ ಅಲುಗಾಡದೆ ಮಲಗಿದ್ದರು. ಕೈ ಮುಟ್ಟಿದ ಕೂಡಲೇ 'ಗಂಗಾ' ಎಂದರು. ಐದು ವಾರ ನಾನು ಹೋಗದ್ದರ ಮಾತೇ ಎತ್ತಲಿಲ್ಲ. 'ಅವತ್ತು ತಪ್ಪು ಮಾಡ್ದೆ. ಗುರುಬಸಮ್ಮನ್ನ ಹೊರಗೆ ಹಾಕಿದ್ವಿ, ನಿನ್ನ ಮುಂದೆ ತಂದು ನಿಲ್ಲಿಸೋಕೆ ಹೋದೆ. ಎರಡೂ ಒಂದೇ ಥರದ ತಪ್ಪು. ನೀನು ಓದೋದು ಬೇಡ, ಅಲ್ಲಿಗೆ ಬರೋದೂ ಬೇಡ. ಪುಸ್ತಕ ಒಂದು ಮುಗಿಸಿಕೊಡು. ಇಷ್ಟು ಜನ ಹೆಂಗಸರು ಇದ್ರು ಅಂತ ಗೊತ್ತಾದ್ರೆ ಸಾಕು' ಎಂದರು.

ಉಳಿದ ವರ್ಷಗಳ ನೋಟ್‌ಬುಕ್ಕುಗಳನ್ನು ಟೀಚರ್ ಆಸ್ಪತ್ರೆಗೇ ತರಿಸಿಟ್ಟಿದ್ದರು, ಅಲ್ಲೇ ಕೂತು ಓದಿ ಬರೆದುಕೊಂಡೆ. ಅರವತ್ತೈದರಲ್ಲಿ ಮತ್ತೆ ಕೂಡಿದ್ದಾರೆ, ಆರು ಜನರ ಬದಲು ನಾಲ್ಕು ಜನ. ವಿಯೆಟ್ನಾಮಿನ ಮಕ್ಕಳಿಗೆಂದು ಹಳೇ ಸೀರೆಯ ಕೌದಿ ಹೊಲಿದಿದ್ದಾರೆ. ಅರವತ್ತೆಂಟರಲ್ಲಿ ಗುರುಬಸಮ್ಮ ತೀರಿಕೊಂಡರು. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಒಂದೇ ಸಾಲು: 'ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿ ಗಂಗರತ್ನಳ ಗಂಡ ಹೋದ. ಹೋಗಿ ಬಂದೆ. ಏನೂ ಹೇಳಲಿಲ್ಲ.'

ಅವತ್ತು ಟೀಚರ್ ಬಂದಿದ್ದರಂತೆ. ನನಗೆ ನೆನಪಿಲ್ಲ.

ಪಕ್ಕದ ಹಾಸಿಗೆಯ ಚಿಕ್ಕಮುನಿಯಮ್ಮ ಎನ್ನುವ ಹೆಂಗಸು, ಅವಳಿಗೂ ಕಣ್ಣಿಗೆ ಬಟ್ಟೆ, ಓದುವುದು ನಿಂತಾಗ 'ಯಾಕಮ್ಮ ನಿಲ್ಲಿಸಿದ್ರಿ?' ಎಂದು ಕೇಳಿದಳು. ಮುಂದೆ ಓದಿದೆ. ಪುಸ್ತಕ ಹಿಂದಿರುಗಿಸುವುದು ಇವತ್ತೂ ಮರೆತೆ.

ಜುಲೈ ೧೮, ಭಾನುವಾರ

ಬೆಳಿಗ್ಗೆಯಿಂದ ಅತ್ತೆಗೆ ಮಂಡಿ ಊದಿ ಏಳಲಾಗಲಿಲ್ಲ. ನಾನೇ ಮುದ್ದೆ ಮಾಡಿ ತಟ್ಟೆ ಮುಂದಿಟ್ಟೆ. ಉಂಡರು. ಮಧ್ಯಾಹ್ನ ಅವರು ಮೊರದಲ್ಲಿ ಹುರುಳಿ ಆರಿಸುತ್ತ ಕೂತಿದ್ದಾಗ ನನ್ನ ಟ್ರಂಕಿನಿಂದ ಒಂದು ಕಾಗದ ತೆಗೆದೆ.

ನಮ್ಮನೆಯವರ ಕೊನೆಯ ಕಾಗದ. ಸೇನೆಯಲ್ಲಿ ಲಾರಿ ಓಡಿಸುತ್ತಿದ್ದರು. ತಂತಿ ಬಂದ ಹನ್ನೊಂದು ದಿನಕ್ಕೆ ಈ ಕಾಗದ ಬಂತು, ಡಿಸೆಂಬರ್ ಒಂಬತ್ತರಂದು ಬರೆದದ್ದು. ಅತ್ತೆಗೆ ಓದು ಬರದು. ಮೊದಲ ಸಲ ಓದಿ ಹೇಳಿದಾಗ ನಡುವಿನ ಒಂದು ಭಾಗ ಬಿಟ್ಟೆ. ಆಮೇಲೆ ಪ್ರತಿ ಡಿಸೆಂಬರಿನಲ್ಲೂ ಓದಿಸಿಕೊಳ್ಳುತ್ತಾರೆ, ಪ್ರತಿ ಸಲವೂ ಬಿಟ್ಟಿದ್ದೇನೆ.

'ಅತ್ತೆ, ಇದರಲ್ಲಿ ನಾನು ಓದದೆ ಬಿಟ್ಟದ್ದು ಸ್ವಲ್ಪ ಇದೆ' ಎಂದೆ.

ಅವರು ತಲೆಯೆತ್ತಲಿಲ್ಲ. 'ಗೊತ್ತು. ಓದುವಾಗ ಒಂದ್ಕಡೆ ನಿನ್ನುಸಿರು ನಿಲ್ತಿತ್ತು. ಅಲ್ಲೇನೋ ಐತೆ ಅಂತ ಅಂದ್ಕೊಂಡಿದ್ದೆ. ನೀನಾಗೇ ಹೇಳ್ಲಿ ಅಂತ ಕೇಳ್ಲಿಲ್ಲ.'

ಓದಿದೆ. ನರಸಿಂಹಯ್ಯ ಬರೆದದ್ದು ಇಷ್ಟು:

'ಮೂರು ದಿನದಿಂದ ನನ್ನ ಗಾಡಿಯಲ್ಲಿ ರೇಷನ್ ಇಲ್ಲ, ಹೆಣ ಸಾಗಿಸುತ್ತಿದ್ದೇನೆ. ಜಾಗ ಸಾಲದೆ ನಿನ್ನೆ ನಮ್ಮವರನ್ನೂ ಆ ಕಡೆಯವರನ್ನೂ ಒಂದೇ ಗಾಡಿಯಲ್ಲಿ ಹಾಕಿದರು. ಬಟ್ಟೆ ಬೇರೆ, ಅಷ್ಟೆ. ಕೆಲವರಿಗೆ ಮೀಸೆಯೂ ಬಂದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕಿದಾಗ ಅವರಿಗೆ ನೋವಾಗುತ್ತೆ ಅನ್ನಿಸಿ ನಿಧಾನ ಓಡಿಸುತ್ತೇನೆ. ಬಂದ ಮೇಲೆ ನಾನು ಈ ಕೆಲಸ ಬಿಡುತ್ತೇನೆ. ಊರಲ್ಲಿ ರಾಗಿ ಬೆಳೆದುಕೊಂಡು ಇರೋಣ. ಇದನ್ನು ಅಮ್ಮನಿಗೆ ಓದಬೇಡ, ಮಗ ಹೆದರಿದ ಅಂದುಕೊಳ್ಳುತ್ತಾಳೆ.'

ಅತ್ತೆಯ ಕೈ ಮೊರದ ಮೇಲೆ ಹಾಗೇ ಇತ್ತು. 'ಹೆದರಿದ್ರೂ ಗಾಡಿ ಓಡಿಸ್ದ' ಎಂದರು. ಆಮೇಲೆ ಕೇಳಿದರು: 'ಆ ಕಡೆ ಹುಡುಗರನ್ನೂ ಇವನೇ ಹೊತ್ಕೊಂಡು ಹೋದ್ನಾ?'

ಹೌದು ಎಂದೆ.

'ಅವರಮ್ಮಂದ್ರಿಗೂ ತಂತಿ ಹೋಗಿರುತ್ತಾ?'

ಗೊತ್ತಿಲ್ಲ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಅಳಲಿಲ್ಲ. ಹತ್ತು ವರ್ಷ ಒಬ್ಬಳೇ ಹೊತ್ತಿದ್ದ ಬಿಂದಿಗೆಯನ್ನು ಇನ್ನೊಬ್ಬರ ಸೊಂಟಕ್ಕೆ ದಾಟಿಸಿದ ಹಾಗಾಯಿತು. ಹಗುರವೂ ಆಯಿತು, ಪಾಪವೂ ಅನ್ನಿಸಿತು.

ಸಂಜೆ ದೀಪ ಹಚ್ಚುವಾಗ ಹೇಳಿದರು: 'ಇದ್ನ ಬೀದೀಲಿ ಓದ್ಬೇಡ. ಇದು ನಮ್ಮನೇದು.' ಓದುವುದಿಲ್ಲ ಎಂದೆ. ರಾತ್ರಿಗೂ ಇಬ್ಬರಿಗೂ ಒಂದೇ ಅಡುಗೆ ಆಯಿತು.

ಜುಲೈ ೩೦, ಶುಕ್ರವಾರ

ವರಮಹಾಲಕ್ಷ್ಮಿ. ವಠಾರದಲ್ಲಿ ಎಲ್ಲ ಮನೆಗೂ ಕುಂಕುಮಕ್ಕೆ ಕರೆಯುತ್ತ ಹೋದರು. ನಮ್ಮ ಬಾಗಿಲು ದಾಟಿ ಹೋಗುವಾಗ ಕರೆಯಲು ಬರುವ ಹುಡುಗಿ ಸ್ವಲ್ಪ ತಲೆ ತಗ್ಗಿಸುತ್ತಾಳೆ, ಪ್ರತಿ ವರ್ಷವೂ. ಅತ್ತೆ ಕೋಸಂಬರಿ ಮಾಡಿದರು, ಇಬ್ಬರೇ ತಿಂದೆವು.

ನಮ್ಮ ಪುಸ್ತಕ ಅಚ್ಚಾಗಿ ಬಂದಿದೆ. ಇಪ್ಪತ್ತನಾಲ್ಕು ಪುಟ, ಇನ್ನೂರು ಪ್ರತಿ. ಟೀಚರ್ ಕಪ್ಪು ಕನ್ನಡಕದ ಒಳಗಿಂದ ಒಂದು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಒಂದು ಕಡೆ 'ಹೆಬ್ಬೆಟ್ಟು' ತಪ್ಪಾಗಿ ಅಚ್ಚಾಗಿದೆ. ಇನ್ನೂರು ಪ್ರತಿಯಲ್ಲೂ ಕೈಯಿಂದ ತಿದ್ದಬೇಕು. ನಾಳೆಯಿಂದ ಆಫೀಸಿನ ಊಟದ ಬಿಡುವಿನಲ್ಲಿ ಕೂತರೆ ಮುಗಿಯುತ್ತದೆ.

ಆಗಸ್ಟ್ ೬, ಶುಕ್ರವಾರ

ಅರ್ಧ ದಿನ ರಜೆ ಹಾಕಿದೆ. ಊಟವಾದ ಮೇಲೆ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು. ನಾಳೆ ಪೂಜೆಗೆ ಹೂವು ಬೇಕು, ನಾನೂ ಬಜಾರಿಗೆ ಬರುತ್ತೇನೆ ಎಂದರು. ವಠಾರದ ಬಾಗಿಲಿಗೇ ಹೂವು ಬರುತ್ತದೆ. ಮಂಡಿನೋವಿನವರನ್ನು ನಿಧಾನ ನಡೆಸಿಕೊಂಡು ಹೋದೆ.

ಐವತ್ತು ಜನ ಬರುತ್ತಾರೆ ಎಂದಿದ್ದರು. ನನ್ನನ್ನೂ ಸೇರಿಸಿ ಹದಿನಾಲ್ಕು ಜನ ಬಂದಿದ್ದರು. ಟೀಚರ್, ಮಲ್ಲೇಶ್ವರದಿಂದ ಇಬ್ಬರು ಲೆಕ್ಚರರುಗಳು, ಗಾರ್ಮೆಂಟ್ಸಿನ ಮೂವರು ಹುಡುಗಿಯರು, ಮಿಕ್ಕವರು ಹಳಬರು. ಬಸವಮ್ಮ ಬುಟ್ಟಿಯನ್ನು ಅಂಗಡಿ ಮೆಟ್ಟಿಲ ಮೇಲಿಟ್ಟು ಬಂದು ಸಾಲಿನ ತುದಿಯಲ್ಲಿ ನಿಂತಳು. ಅವಳ ಬುಟ್ಟಿಯ ಪಕ್ಕ ಅತ್ತೆ ಕೂತರು. ನಾನು ಟೀಚರ್ ಪಕ್ಕ ನಿಂತೆ. ಅವರಿಗೆ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ, ಯಾರಾದರೂ ಹಿಡಿದುಕೊಳ್ಳಲೇಬೇಕಿತ್ತು.

ಐದು ಗಂಟೆಗೆ ಶುರುವಾಯಿತು. 'ಮತ್ತೊಂದು ಹಿರೋಷಿಮಾ ಬೇಡ' ಎಂಬ ಬಟ್ಟೆಯನ್ನು ಇಬ್ಬರು ಹಿಡಿದರು. ಸಣ್ಣ ಮಳೆ ಹನಿಯುತ್ತಿತ್ತು. ಬಜಾರು ನಮ್ಮ ಸುತ್ತ ತನ್ನ ಪಾಡಿಗೆ ನಡೆದಿತ್ತು. ಕೆಲವರು ಓದಿ ಮುಂದೆ ಹೋದರು. ಒಬ್ಬ ಪೊಲೀಸಿನವನು ಬಂದು ಪರವಾನಗಿ ನೋಡಿ, ರಸ್ತೆಗೆ ಇಳಿಯಬೇಡಿ ಎಂದಷ್ಟೇ ಹೇಳಿ ಹೋದ. ಅರ್ಧ ಗಂಟೆಯಾದ ಮೇಲೆ ನನ್ನ ಕಾಲು ಮರಗಟ್ಟಿತು. ಗಂಟೆ ಇಷ್ಟು ಉದ್ದ ಎಂದು ಬೋರ್ಡಿನ ಮುಂದೆಯೂ ಅನ್ನಿಸಿರಲಿಲ್ಲ.

ಹೂವು ಕೊಳ್ಳಲು ಬಂದ ಒಬ್ಬ ಗಂಡಸು, ನಲವತ್ತರ ಆಸುಪಾಸು, ಕೈಯಲ್ಲಿ ಆಫೀಸ್ ಬ್ಯಾಗು, ನಮ್ಮೆದುರು ನಿಂತ. ಗಡಿಯಲ್ಲಿ ಯೋಧರು ಪ್ರಾಣ ಕೊಡುವಾಗ ಇಲ್ಲಿ ನಿಂತು ನಾಟಕ ಆಡುವುದು ಸುಲಭ ಎಂದ. ನಾವು ಮಾತಾಡುವ ಹಾಗಿರಲಿಲ್ಲ, ಅದೇ ನಿಯಮ. ಅವನು ಸಾಲಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ಮುಂದೆ ನಿಂತ. 'ನಿಮ್ಮನೇಲಿ ಯಾರಾದ್ರೂ ಹೋಗಿದ್ರೇನ್ರಿ?'

ಟೀಚರ್ ಕೈ ನನ್ನ ತೋಳನ್ನು ಬಿಗಿ ಹಿಡಿಯಿತು, ಬೇಡ ಎಂದು. ನನ್ನ ಬಾಯಿಗೆ ಆ ಹೆಸರು ಬಂದಿತ್ತು. ಹೇಳಿದ್ದರೆ ಅವನು ಅಲ್ಲೇ ಕುಗ್ಗಿ ಹೋಗುತ್ತಿದ್ದ. ಹೇಳಲಿಲ್ಲ. ಹತ್ತು ವರ್ಷ ವೇದಿಕೆಯಲ್ಲಿ ಆ ಹೆಸರನ್ನು ಬೇರೆಯವರು ಎತ್ತಿ ತೋರಿಸಿದ್ದು ಸಾಕಾಗಿದೆ.

ಅವನು ತಿರುಗಿ ಬುಟ್ಟಿಯ ಹತ್ತಿರ ಹೋಗಿ ಎರಡು ಮೊಳ ಕೊಡಿ ಎಂದ. ಬಸವಮ್ಮ ಸಾಲಿನಲ್ಲಿದ್ದಳು. ಅಷ್ಟು ಹೊತ್ತು ಸುಮ್ಮನೆ ಕೂರಲಾಗದೆ ಅತ್ತೆ ಬಿಡಿ ಹೂವನ್ನು ಕಟ್ಟುತ್ತ ಕೂತಿದ್ದರು. ಮೊಳಕೈ ಹಾಕಿ ಎರಡು ಮೊಳ ಅಳೆದರು, ದಾರ ಕಿತ್ತರು, ಎಲೆಯಲ್ಲಿ ಸುತ್ತಿ ಕೊಟ್ಟರು.

'ನಮ್ಮನೇಲಿ ಒಬ್ಬ ಹೋಗಿದ್ದಪ್ಪ' ಎಂದರು. 'ನನ್ ಮಗ. ಅವಳ ಗಂಡ.'

ದನಿ ಏರಿಸಿರಲಿಲ್ಲ. ಮೂರು ಮಾರು ದೂರ ನಿಂತ ನನಗೆ ಕೇಳಿಸಿತು, ಅದಕ್ಕೂ ಆಚೆಯವರಿಗೆ ಕೇಳಿಸಿರಲಾರದು. ಆತ ಚಿಲ್ಲರೆ ಎಣಿಸಿ ಬುಟ್ಟಿಯ ಪಕ್ಕ ಇಟ್ಟ. ಆಮೇಲೆ ಕೊಡೆ ಬಿಚ್ಚಿಕೊಂಡು ಹೋದ. ಪುಸ್ತಕ ತೆಗೆದುಕೊಳ್ಳಲಿಲ್ಲ. ಅತ್ತೆ ಮುಂದಿನ ಹೂವಿಗೆ ಕೈ ಹಾಕಿದರು.

ಆರು ಗಂಟೆಗೆ ಲೆಕ್ಚರರೊಬ್ಬರು ಅರ್ಧ ಪುಟ ಓದಿದ ಮೇಲೆ ಬಟ್ಟೆ ಮಡಚಿದೆವು. ಅರವತ್ತೊಂದು ಪುಸ್ತಕ ಹೋಗಿದ್ದವು.

ಆಗಸ್ಟ್ ೮, ಭಾನುವಾರ

ಏಕಾಂತಯ್ಯನವರು ಬಂದಿದ್ದರು. ಸುದ್ದಿ ತಲುಪಿದೆ. ಈ ಡಿಸೆಂಬರಿನ ಸಮಾರಂಭಕ್ಕೆ ಬೇರೆ ಯಾರನ್ನಾದರೂ ಕರೆಯೋಣ ಎಂದು ಸಂಘದವರು ಹೇಳುತ್ತಿದ್ದಾರಂತೆ. ಅದನ್ನು ಹೇಳಲು ಅವರಿಗೇ ಕಷ್ಟವಾಗುತ್ತಿತ್ತು, ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. ನೀವು ನನಗೆ ಮಾಡಿದ ಉಪಕಾರ ಮರೆತಿಲ್ಲ, ಇದರಲ್ಲಿ ನನಗೆ ಬೇಸರವೂ ಇಲ್ಲ ಎಂದೆ. ಎರಡೂ ನಿಜ. ಹೋಗುವಾಗ ಒಂದು ಪುಸ್ತಕ ಕೇಳಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಮಧ್ಯದಿಂದ ತೆರೆದು, 'ಅರವತ್ತೆರಡರಲ್ಲಿ ನಮಗೂ ಸ್ವೆಟರು ಬಂದಿತ್ತು. ಯಾರು ಹೆಣೆದದ್ದೋ ಗೊತ್ತಿರಲಿಲ್ಲ' ಎಂದರು.

ಮಧ್ಯಾಹ್ನ ಚಾಮರಾಜಪೇಟೆಗೆ ಹೋಗಿ ಹೊಸ ನೋಟ್‌ಬುಕ್ಕಿನಲ್ಲಿ ಆರನೇ ತಾರೀಖಿನ ವರದಿ ಬರೆದೆ. ಬಂದವರು ಹದಿನಾಲ್ಕು. ಹದಿನೈದು ಅಂತ ಬರೆಯೇ ಎಂದು ಟೀಚರ್ ಹಠ ಮಾಡಿದರು. ಕೇಳಿ ಬರೆಯುತ್ತೇನೆ ಎಂದು ಬಂದು ಅತ್ತೆಯನ್ನು ಕೇಳಿದೆ.

'ನನ್ ಹೆಸರು ಹಾಕ್ಬೇಡ. ನಾನು ಹೂವಿಗೆ ಬಂದಿದ್ದೆ' ಎಂದರು.

ಹದಿನಾಲ್ಕು ಎಂದೇ ಬಿಟ್ಟಿದ್ದೇನೆ.

ಆಗಸ್ಟ್ ೧೫, ಭಾನುವಾರ

ಬೆಳಿಗ್ಗೆ ರೇಡಿಯೋದಲ್ಲಿ ದೆಹಲಿಯ ಭಾಷಣ. ಬಟ್ಟೆ ಒಗೆದೆ. ಮುಂದಿನ ವಾರ ಬಸವಮ್ಮನ ಜೊತೆ ತ್ಯಾಗರಾಜನಗರಕ್ಕೆ ಹೋಗಬೇಕು, ಪುಸ್ತಕಗಳು ಇನ್ನೂ ನೂರರ ಮೇಲಿವೆ. ಎಡ ಕಿವಿ ನೋವು ಹಾಗೇ ಇದೆ.

ಮಧ್ಯಾಹ್ನ ಮಲಗಿ ಇನ್ನೇನು ನಿದ್ದೆ ಹತ್ತಬೇಕು, ಆಗ ಅತ್ತೆ ಕೇಳಿದರು:

'ಅದು ಬರೋ ವರ್ಷ ಯಾವ ವಾರ ಬೀಳುತ್ತೆ?'

ಯಾವುದು ಎಂದು ಕೇಳಲಿಲ್ಲ. ಬೆರಳೆಣಿಸಿ, ಆಗಸ್ಟ್ ಆರು ಶನಿವಾರ ಎಂದೆ.

ಅತ್ತೆ ಆ ಕಡೆ ಮಗ್ಗುಲಾದರು. 'ಶನಿವಾರ ಆದ್ರೆ ಹನುಮಂತರಾಯನ ಗುಡಿಗೆ ಹೋಗ್ಬೇಕಲ್ಲ. ಬೆಳಿಗ್ಗೇನೇ ಹೋಗಿ ಬಂದ್ಬಿಡ್ತೀನಿ.'